ನಾಗವಲ್ಲಿ ಯಾವ ಭಾಷೆಯಲ್ಲಿ ಹೆದರಿಸಬೇಕು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ದಾರಿಯಲ್ಲಿ ಸಿಕ್ಕವರ ಮಾತಿನಲ್ಲಿ, ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮಲಯಾಳಂನಲ್ಲಿ ಅಷ್ಟು ಚೆನ್ನಾಗಿದ್ದ ಸಿನಿಮಾ ಹಿಂದಿಗೆ ಹೋದ ಕೂಡಲೇ ಯಾಕೆ ಸಪ್ಪೆಯಾಗುತ್ತೆ? ಕೆಲವರು ಇನ್ನೂ ಮುಂದೆ ಹೋಗಿ, ಮೊಬೈಲಿನಲ್ಲಿ ಮೂಲವೇ ಸಿಗುವಾಗ ಈ ರಿಮೇಕ್ ಯಾಕ್ರೀ ಬೇಕು ಎಂದು ಜಗಳಕ್ಕೇ ನಿಲ್ಲುತ್ತಾರೆ. ದಾವಣಗೆರೆಯಲ್ಲಿ ಕೂತು ಬಾಂಬೆಯವರ ಉಸಾಬರಿ ನಮಗೇಕೆ ಅನ್ನಬಹುದು. ಆದರೆ ಈ ಪ್ರಶ್ನೆ ಬಿಡಿಸಲು ನಮ್ಮೂರಿನವರಷ್ಟು ಅರ್ಹರು ಸಿಗುವುದು ಕಷ್ಟ. ಒಂದೇ ಮಲಯಾಳಂ ಕಥೆಯನ್ನು ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲಿ ಇನ್ನೊಮ್ಮೆ, ನಡುವೆ ತೆಲುಗಿನಲ್ಲೋ ತಮಿಳಿನಲ್ಲೋ ಮತ್ತೊಮ್ಮೆ, ಎಲ್ಲವನ್ನೂ ಟಿಕೆಟ್ ತಗೊಂಡು ನೋಡಿದ ಜನ ನಾವು. ಹೋಲಿಸುವ ಹಕ್ಕನ್ನು ದುಡ್ಡು ಕೊಟ್ಟೇ ಸಂಪಾದಿಸಿದ್ದೇವೆ.

ಹಿಂದಿ ಪ್ರೇಕ್ಷಕ ಅಂದರೆ ಕಾನ್ಪುರ, ಪಟ್ನಾದವನೇ ಆಗಿರಬೇಕಿಲ್ಲ. ನಮ್ಮ ಆಜಾದ್ ನಗರ, ಬಾಷಾ ನಗರದ ಮನೆಗಳಲ್ಲಿ ದಖ್ಖನಿ ಮಾತಾಡುವವರಿಗೆ ಹಿಂದಿ ಸಿನಿಮಾ ಎಂದಿನಿಂದಲೂ ತಮ್ಮದೇ. ಸಿಂಗಲ್ ಥಿಯೇಟರುಗಳಲ್ಲಿ ಶುಕ್ರವಾರದ ಮೊದಲ ಆಟಕ್ಕೆ ಹಿಂದಿ ಚಿತ್ರ ತುಂಬಿಸುತ್ತಿದ್ದವರಲ್ಲಿ ಅವರದು ದೊಡ್ಡ ಪಾಲು. ಸುಮಾರು 14 ಕಿಲೋಮೀಟರ್ ಆಚೆಗಿನ ಹರಿಹರದ ಕಥೆ ಇನ್ನೂ ಬಣ್ಣದ್ದು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಗಡಗಡ ಓಡುತ್ತಿದ್ದ ಕಾಲದಲ್ಲಿ ಅಲ್ಲಿ ಮರಾಠಿಯವರು, ತಮಿಳರು, ಮಲಯಾಳಿಗಳು ಒಂದೇ ಕಾಲನಿಯಲ್ಲಿದ್ದರು. ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್‌ಗೂ ಹೊರಗಿನಿಂದ ಬಂದವರು ಕಡಿಮೆಯಿರಲಿಲ್ಲ. ಶಿಫ್ಟು ಮುಗಿಸಿ ಬಂದವರು ಭಾಷೆ ನೋಡಿ ಸಿನಿಮಾಕ್ಕೆ ಹೋಗುತ್ತಿರಲಿಲ್ಲ, ಟೈಮು ನೋಡಿ ಹೋಗುತ್ತಿದ್ದರು. ಕೇರಳದಿಂದ ನರ್ಸಿಂಗ್ ಓದಲು ದಾವಣಗೆರೆಗೆ ಬರುವ ಹುಡುಗಿಯರು ಮೂಲ ಹೇಗಿತ್ತು ಅನ್ನುವುದನ್ನು ಹೇಳಲು ಇದ್ದೇ ಇದ್ದಾರೆ.

ನಮ್ಮಲ್ಲಿ ರಿಮೇಕ್ ಇಷ್ಟು ಬೆಳೆದದ್ದಕ್ಕೆ ಒಂದು ವಿಶೇಷ ಕಾರಣವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿ ಅ.ನ.ಕೃ., ಮ. ರಾಮಮೂರ್ತಿ ಅವರಂಥವರ ಮಾತಿನಿಂದ ಶುರುವಾಗಿ, ರಾಜ್‌ಕುಮಾರ್ ಅವರ ಬೆಂಬಲದಿಂದ ಗಟ್ಟಿಯಾಯಿತು. ಕಾನೂನು ಎಂಬುದು ಯಾವತ್ತೂ ಇರಲಿಲ್ಲ. ಉದ್ಯಮದ ಕಟ್ಟುಪಾಡು ಮಾತ್ರ. ಆದರೂ ಸುಮಾರು ಅರ್ಧ ಶತಮಾನ ಪರಭಾಷೆಯ ಕಥೆ ಕನ್ನಡ ಮಾತಾಡಬೇಕಾದರೆ ರಿಮೇಕ್ ಒಂದೇ ಬಾಗಿಲು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ನಿರ್ಬಂಧ ತಪ್ಪು ಎಂದು ಚಲನಚಿತ್ರ ವಾಣಿಜ್ಯ ಮಂಡಳಿಗೇ ದಂಡ ಹಾಕಿತು, 2017ರಲ್ಲಿ ಅಜಿತ್ ಅವರ ತಮಿಳು ಚಿತ್ರ ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡ ಮಾತಾಡಿತು. ಹಿಂದಿಗೆ ಇಂಥ ಅಡ್ಡಿಯೇ ಇರಲಿಲ್ಲ. ಅವರು ಬೇಕಾದರೆ ಡಬ್ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಆದರೂ ರಿಮೇಕ್ ಮಾಡಿದರು. ನಾವು ಬೇರೆ ದಾರಿಯಿಲ್ಲದೆ ಮಾಡಿದೆವು, ಅವರು ಸ್ಟಾರ್‌ಗಾಗಿ ಮಾಡಿದರು. ಎರಡರ ಫಲವೂ ಪರದೆಯ ಮೇಲೆ ಕಾಣುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಒಂದೇ ಚಿತ್ರ ಸಾಕು: ಫಾಸಿಲ್ ನಿರ್ದೇಶನದ, ಮಧು ಮುಟ್ಟಂ ಬರೆದ 1993ರ ‘ಮಣಿಚಿತ್ರತ್ತಾಳ್’. ಈಗಿನ ಹುಡುಗರಿಗೆ ಫಾಸಿಲ್ ಅಂದರೆ ನಟ ಫಹಾದ್ ಅವರ ತಂದೆ ಅಂತ ಹೇಳಬೇಕಾಗುತ್ತದೆ, ಇರಲಿ. ಕಥೆ ನಿಮಗೆ ಗೊತ್ತಿರುವುದೇ. ಹೊಸ ದಂಪತಿ ಹಳೆಯ ಮನೆಗೆ ಬರುತ್ತಾರೆ, ಹೆಂಡತಿ ಬೀಗ ಹಾಕಿದ ಕೋಣೆ ತೆರೆಯುತ್ತಾಳೆ, ಅಲ್ಲಿ ಸತ್ತ ನಾಗವಲ್ಲಿ ಎಂಬ ನರ್ತಕಿಯ ಕಥೆ ಅವಳ ಮನಸ್ಸನ್ನು ಹೊಗುತ್ತದೆ, ಮನೋವೈದ್ಯನೊಬ್ಬ ಬಂದು ಬಿಡಿಸುತ್ತಾನೆ. ಆ ಹೆಂಡತಿಯ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಈ ಕಥೆ ಕೇರಳದಿಂದ ಹೊರಗೆ ಮೊದಲು ಕಾಲಿಟ್ಟದ್ದು ಕನ್ನಡಕ್ಕೆ: ದ್ವಾರಕೀಶ್ ನಿರ್ಮಾಣ, ಪಿ. ವಾಸು ನಿರ್ದೇಶನದ 2004ರ ‘ಆಪ್ತಮಿತ್ರ’. ಮರುವರ್ಷ ಅದೇ ವಾಸು ತಮಿಳಿನಲ್ಲಿ ರಜನಿಕಾಂತ್ ಅವರನ್ನು ಇಟ್ಟುಕೊಂಡು ‘ಚಂದ್ರಮುಖಿ’ ಮಾಡಿದರು, ಅದು ಚೆನ್ನೈನ ಶಾಂತಿ ಥಿಯೇಟರಿನಲ್ಲಿ ಎರಡು ವರ್ಷಕ್ಕೂ ಮೀರಿ ಓಡಿತು. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ತಂದರು. ಪ್ರಿಯದರ್ಶನ್ ಮೂಲ ಚಿತ್ರದ ಎರಡನೇ ಘಟಕದ ನಿರ್ದೇಶಕರಲ್ಲಿ ಒಬ್ಬರಾಗಿದ್ದವರು. ಅಂದರೆ ಹಿಂದಿಯವರ ಕೈಗೆ ಅಡುಗೆಮನೆಯ ಒಳಗಿನವರೇ ಸಿಕ್ಕಿದ್ದರು.

ಈ ನಾಲ್ಕರಲ್ಲೂ ಬರುವ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಹೆಂಡತಿ ಒಡವೆ ಕೊಳ್ಳಲು ಪೇಟೆಗೆ ಹೊರಟಿದ್ದಾಳೆ. ಡಾಕ್ಟರ್ ಹೇಳಿಕೊಟ್ಟಂತೆ ಗಂಡ ಬೇಡ ಅನ್ನುತ್ತಾನೆ. ಯಾಕೆ, ಯಾಕೆ ಎಂದು ಅವಳು ಕೇಳುತ್ತಾ ಕೇಳುತ್ತಾ ದನಿ ಇಳಿಯುತ್ತದೆ, ಹುಬ್ಬು ಗಂಟಿಕ್ಕುತ್ತದೆ, ಕೈ ಮಂಚದ ಅಂಚಿಗೆ ಹೋಗುತ್ತದೆ. ಮಂಚ ಮೇಲೇಳುತ್ತದೆ. ಅಲ್ಲಿಗೆ ಅವಳ ಬಾಯಲ್ಲಿ ಬರುವುದು ಮನೆಮಾತಲ್ಲ, ಬೇರೆ ಭಾಷೆ. ಮಲಯಾಳಂನಲ್ಲಿ ನಾಗವಲ್ಲಿ ತಂಜಾವೂರಿನಿಂದ ಬಂದವಳು, ತಮಿಳು ಮಾತಾಡುತ್ತಾಳೆ. ಕನ್ನಡದ ನಾಗವಲ್ಲಿಗೆ ತೆಲುಗು. ತಮಿಳಿನ ಚಂದ್ರಮುಖಿಗೂ ತೆಲುಗು. ಹಿಂದಿಯ ಮಂಜುಲಿಕಾಗೆ ಬಂಗಾಳಿ.

ರಿಮೇಕ್ ಎಂಬ ಕೆಲಸದ ಗುಟ್ಟೆಲ್ಲ ಈ ಒಂದು ಆಯ್ಕೆಯಲ್ಲಿದೆ ಅಂತ ನನಗನಿಸುತ್ತದೆ. ದೆವ್ವದ ಭಾಷೆ ಒಂಚೂರೂ ಅರ್ಥವಾಗದ ಭಾಷೆಯಾದರೆ ಹೆದರಿಕೆ ಬರುವುದಿಲ್ಲ, ಬರೀ ಗೊಂದಲ. ಪೂರ್ತಿ ಅರ್ಥವಾದರೂ ಹೆದರಿಕೆ ಇಲ್ಲ, ಪಕ್ಕದ ಮನೆಯವಳ ಜಗಳದಂತೆ ಕೇಳುತ್ತದೆ. ಅರ್ಧ ತಿಳಿಯಬೇಕು, ಅರ್ಧ ಜಾರಬೇಕು. ಅದಕ್ಕೆ ನೆರೆಯ ಭಾಷೆಯೇ ಆಗಬೇಕು. ಪಾಲಕ್ಕಾಡಿನವರಿಗೆ ತಮಿಳು ಹಾಗೆ. ಬಳ್ಳಾರಿಗೆ ಹತ್ತಿರವಿರುವ, ತೆಲುಗು ಚಿತ್ರಗಳನ್ನು ಯಾರ ಹಂಗೂ ಇಲ್ಲದೆ ನೋಡುವ ದಾವಣಗೆರೆಯವರಿಗೆ ತೆಲುಗು ಹಾಗೆ. ‘ಆಪ್ತಮಿತ್ರ’ದಲ್ಲಿ ಸೌಂದರ್ಯ ಕನ್ನಡದಿಂದ ತೆಲುಗಿಗೆ ಜಾರಿದ ಕ್ಷಣದಲ್ಲಿ ಥಿಯೇಟರಿನಲ್ಲಿ ಶಿಳ್ಳೆ ನಿಂತುಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಕೋಲಾರದ ಕಡೆಯ ಕನ್ನಡತಿ, ತೆಲುಗಿನ ದೊಡ್ಡ ತಾರೆ. ಎರಡೂ ಭಾಷೆ ಅವರ ನಾಲಿಗೆಯಲ್ಲಿ ಸಲೀಸಾಗಿತ್ತು. 2004ರ ಏಪ್ರಿಲಿನಲ್ಲೇ ಅವರು ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು, ಸಿನಿಮಾ ಬಂದದ್ದು ಆಗಸ್ಟಿನಲ್ಲಿ. ಪರದೆಯ ಮೇಲೆ ಸತ್ತವಳ ಪಾತ್ರದಲ್ಲಿ ಇಲ್ಲದವರನ್ನು ನೋಡುತ್ತಿದ್ದೇವೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಯಾವ ನಿರ್ದೇಶಕನೂ ಯೋಜಿಸಲಾಗದ ಭಯ ಅದು.

ಕನ್ನಡದಲ್ಲೂ ತಮಿಳೇ ಯಾಕೆ ಇಡಲಿಲ್ಲ ಎಂದು ಕೇಳಬಹುದು. ನನ್ನ ಊಹೆ ಇಷ್ಟೆ: 2000ದಲ್ಲಿ ರಾಜ್‌ಕುಮಾರ್ ಅಪಹರಣ, 2002ರಲ್ಲಿ ಕಾವೇರಿ ಗಲಾಟೆ, ಇವೆರಡರ ಬಿಸಿ ಆರದ ಹೊತ್ತಿನಲ್ಲಿ ಬೆಂಗಳೂರಿನ ನಿರ್ಮಾಪಕ ತಮಿಳು ಮಾತಾಡುವ ದೆವ್ವವನ್ನು ತರುವ ಸಾಹಸ ಮಾಡುತ್ತಿರಲಿಲ್ಲ. ಇನ್ನೂ ತರಲೆ ಪ್ರಶ್ನೆ ಒಂದಿದೆ. ಮಾಟ ಮಂತ್ರ ಅಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಯಾವ ನಾಡು? ನಮ್ಮ ಪತ್ರಿಕೆಗಳ ವರ್ಗೀಕೃತ ಜಾಹೀರಾತು ನೋಡಿ, ಕೇರಳದ ಪ್ರಸಿದ್ಧ ಜ್ಯೋತಿಷಿಗಳು ಸಾಲಾಗಿ ಕೂತಿರುತ್ತಾರೆ. ಹಿಂದಿಯವರಿಗೆ ಬಂಗಾಳದ ಜಾದು ಹೇಗೋ ನಮಗೆ ಮಲಯಾಳದ ಮಂತ್ರ ಹಾಗೆ. ಆ ಲೆಕ್ಕದಲ್ಲಿ ಕನ್ನಡದ ನಾಗವಲ್ಲಿ ಮಲಯಾಳಂ ಮಾತಾಡಬೇಕಿತ್ತು! ಮಲಯಾಳಂನಿಂದ ತಂದ ಕಥೆಯ ದೆವ್ವವೇ ಮಲಯಾಳಿಯಾದರೆ ಮಾತ್ರ ಯಾರೂ ನಂಬುತ್ತಿರಲಿಲ್ಲವೇನೋ.

ಆದರೆ ‘ಆಪ್ತಮಿತ್ರ’ ಎಲ್ಲವನ್ನೂ ಸರಿಯಾಗಿ ಕಸಿ ಮಾಡಿತು ಎಂದು ನಾನು ಒಪ್ಪುವುದಿಲ್ಲ. ಮೂಲದಲ್ಲಿ ಮಾಡಂಪಳ್ಳಿ ಗಂಡನ ಕಡೆಯ ತರವಾಡು, ಅಂದರೆ ಪಿತ್ರಾರ್ಜಿತದ ದೊಡ್ಡಮನೆ. ಆ ಕೋಣೆಯ ಪಾಪ ಅವರ ವಂಶದ ಪಾಪ, ಅದಕ್ಕೇ ಮನೆಯ ಹಿರಿಯರು ಹೆದರುವುದು. ಕನ್ನಡದಲ್ಲಿ ರಮೇಶ್ ಅರವಿಂದ್ ಅವರ ಪಾತ್ರ ಆ ಬಂಗಲೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತದೆ. ಕೊಂಡ ಮನೆಯ ದೆವ್ವಕ್ಕೆ ನೀವು ಜವಾಬ್ದಾರರಲ್ಲ. ಇಷ್ಟವಾಗದಿದ್ದರೆ ಮಾರಿ ಹೋಗಬಹುದು. ಪ್ರಿಯದರ್ಶನ್ ಹಿಂದಿಯಲ್ಲಿ ಅದನ್ನು ಮತ್ತೆ ಪಿತ್ರಾರ್ಜಿತ ಅರಮನೆ ಮಾಡಿದರು. ಇನ್ನೊಂದು, ಮೂಲದಲ್ಲಿ ಮನೋವೈದ್ಯನಾಗಿ ಮೋಹನ್‌ಲಾಲ್ ಬರುವ ಹೊತ್ತಿಗೆ ಸಿನಿಮಾ ಅರ್ಧದ ಹತ್ತಿರ ಬಂದಿರುತ್ತದೆ. ಅಲ್ಲಿಯವರೆಗೆ ನಾಯಕನೇ ಇಲ್ಲದೆ ಮನೆ, ಮನೆಯವರು, ಗುಸುಗುಸು. ನಮ್ಮಲ್ಲಿ ವಿಷ್ಣುವರ್ಧನ್ ಮೊದಲೇ ಬಂದು ಹೊಡೆದಾಡಬೇಕು, ಹಳೆಯ ಕಥೆಯ ರಾಜನ ವೇಷದಲ್ಲೂ ಅವರೇ ಬಂದು ‘ಹೌಲಾ ಹೌಲಾ’ ಎನ್ನಬೇಕು. ನಾನೂ ಅದಕ್ಕೆ ಚಪ್ಪಾಳೆ ಹೊಡೆದವನೇ. ವಿಷ್ಣು ಅಭಿಮಾನಿಗಳ ಊರಿದು, ಬೇರೆ ಮಾತಾಡಿ ಬದುಕುವುದುಂಟೆ? ಆದರೆ ಹೆದರಿಕೆಯ ದೃಷ್ಟಿಯಿಂದ ನೋಡಿದರೆ ಅಲ್ಲಿ ‘ಭೂಲ್ ಭುಲಯ್ಯಾ’ ನಮ್ಮದಕ್ಕಿಂತ ಮೂಲಕ್ಕೆ ಹತ್ತಿರ. ಅಕ್ಷಯ್ ಕುಮಾರ್ ಅಂಥ ತಾರೆಯೂ ತಡವಾಗಿ ಬಂದು, ವಿದ್ಯಾ ಬಾಲನ್ ಅವರಿಗೆ ಜಾಗ ಬಿಟ್ಟುಕೊಟ್ಟಿದ್ದಾರೆ. ಮುಂದೆ 2022ರಲ್ಲಿ, 2024ರಲ್ಲಿ ಬಂದ ಎರಡು, ಮೂರನೇ ಭಾಗಗಳಿಗೂ ಮಲಯಾಳಂ ಕಥೆಗೂ ಹೆಸರಿನ ನಂಟು ಬಿಟ್ಟರೆ ಏನೂ ಇಲ್ಲ.

ಸಿನಿಮಾ ಪತ್ರಿಕಾಗೋಷ್ಠಿಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ರಿಮೇಕ್ ಆದರೂ ನಮ್ಮ ನೇಟಿವಿಟಿಗೆ ತಕ್ಕಂತೆ ಬದಲಾಯಿಸಿಕೊಂಡಿದ್ದೇವೆ.’ ಬದಲಾಯಿಸಿದ್ದು ಏನು ಅಂತ ನೋಡಿದರೆ ಒಂದು ಐಟಂ ಹಾಡು, ಎರಡು ಫೈಟು. ನೇಟಿವಿಟಿ ಅಂದರೆ ನಿಜವಾಗಿ ಏನೆಂದು ತಿಳಿದವರು ನಮ್ಮ ಕಂಪನಿ ನಾಟಕದವರು. ದಾವಣಗೆರೆ ಅಂದರೆ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು, ಚಿಂದೋಡಿ ಲೀಲಾ ಅವರ ಊರು. ಕಂಪನಿ ಒಂದು ಊರಿನಿಂದ ಇನ್ನೊಂದು ಊರಿಗೆ ಕ್ಯಾಂಪ್ ಹಾಕಿದಾಗ ನಾಟಕ ಅದೇ, ಆದರೆ ಹಾಸ್ಯದ ಪಾತ್ರಧಾರಿ ಮೊದಲ ದಿನವೇ ಊರೊಳಗೆ ಒಂದು ಸುತ್ತು ಹಾಕುತ್ತಿದ್ದ. ಇಲ್ಲಿನ ಜಿಪುಣ ಯಾರು, ಯಾವ ರಸ್ತೆ ಕಿತ್ತುಹೋಗಿದೆ, ಯಾವ ಹೋಟೆಲಿನ ಮಿರ್ಚಿ ಖಾರ, ಎಲ್ಲ ವಿಚಾರಿಸಿಕೊಂಡು ರಾತ್ರಿ ಆಟಕ್ಕೆ ಸೇರಿಸುತ್ತಿದ್ದ. ಗದುಗಿನ ಜೋಕು ಹರಿಹರದಲ್ಲಿ ಹೇಳಿದರೆ ನಗು ಬರುವುದಿಲ್ಲ ಅನ್ನುವುದು ಅವನ ಹೊಟ್ಟೆಪಾಡಿನ ಜ್ಞಾನ.

ಕಂಪನಿ ನಾಟಕದ ಮಾತು ಬಂತಲ್ಲ, ಒಂದು ತಮಾಷೆ ಕೇಳಿ. ಹಿಂದಿಯ ಎಲ್ಲ ಹಾಸ್ಯ ಚಿತ್ರಗಳ ದೊಡ್ಡಣ್ಣ ಎನಿಸಿರುವ 2000ದ ‘ಹೇರಾ ಫೇರಿ’ಯ ಮೂಲ 1989ರ ‘ರಾಮ್‌ಜಿ ರಾವ್ ಸ್ಪೀಕಿಂಗ್’, ಸಿದ್ದೀಕ್-ಲಾಲ್ ಜೋಡಿಯ ಮೊದಲ ಚಿತ್ರ. ಅದರಲ್ಲಿ ಇನ್ನೊಸೆಂಟ್ ಮಾಡಿದ ಮನ್ನಾರ್ ಮತ್ತಾಯಿ ಯಾರು ಗೊತ್ತೇ? ನಷ್ಟದಲ್ಲಿರುವ ನಾಟಕ ಕಂಪನಿಯ ಮಾಲೀಕ. ಹಿಂದಿಯಲ್ಲಿ ಅವನೇ ಪರೇಶ್ ರಾವಲ್ ಅವರ ಬಾಬೂರಾವ್ ಆಪ್ಟೆ ಆಗಿ, ಪಂಚೆಯುಟ್ಟ ಗ್ಯಾರೇಜ್ ಮಾಲೀಕನಾದ. ಬಾಂಬೆಯ ಪ್ರೇಕ್ಷಕನಿಗೆ ಊರೂರು ತಿರುಗುವ ನಾಟಕ ಕಂಪನಿ ಅಂದರೆ ಏನೆಂದು ವಿವರಿಸುತ್ತ ಕೂರುವ ಬದಲು, ಬಾಕಿ ಬಾಡಿಗೆ, ರಾಂಗ್ ನಂಬರಿನ ಫೋನು, ದಪ್ಪ ಕನ್ನಡಕ ಇರುವ ಮರಾಠಿ ಮುದುಕನನ್ನು ತಂದರು. ಇದು ಬದಲಾವಣೆ. ಕೆಲಸ ಬದಲಾಯಿತು, ಊರು ಬದಲಾಯಿತು, ಜಾತಿ-ಭಾಷೆ ಬದಲಾಯಿತು. ಸಾಲ ಮಾತ್ರ ಹಾಗೇ ಉಳಿಯಿತು. ಸಾಲವೇ ಕಥೆ. ಪ್ರಿಯದರ್ಶನ್ ಮುಂದೆ ‘ಹಂಗಾಮಾ’, ‘ಹಲ್‌ಚಲ್’, ‘ಚುಪ್ ಚುಪ್ ಕೇ’ ಎಂದು ಮಲಯಾಳಂ ಕಪಾಟಿನಿಂದ ಒಂದೊಂದೇ ತೆಗೆದು ಹಿಂದಿಗೆ ಕೊಡುತ್ತ ಹೋದರು. ಎಲ್ಲವೂ ಅಷ್ಟು ಚೆನ್ನಾಗಿರಲಿಲ್ಲ, ಆ ಪಟ್ಟಿ ಇಲ್ಲಿ ಬೇಡ.

ಈಗ ‘ದೃಶ್ಯಂ’. ಪತ್ರ ಬರೆಯುವವರಲ್ಲಿ ಅರ್ಧಕ್ಕರ್ಧ ಜನ ಕೇಳುವುದು ಇದನ್ನೇ. ಜೀತು ಜೋಸೆಫ್ ಅವರ ಚಿತ್ರ 2013ರ ಡಿಸೆಂಬರಿನಲ್ಲಿ ಬಂತು. ಆರು ತಿಂಗಳಲ್ಲಿ, ಅಂದರೆ 2014ರ ಜೂನ್‌ಗೆ, ರವಿಚಂದ್ರನ್ ಅವರ ‘ದೃಶ್ಯ’ ನಮ್ಮಲ್ಲಿ ತೆರೆಕಂಡಿತ್ತು, ಇಲ್ಲೂ ಪಿ. ವಾಸು ಅವರೇ. ಹಿಂದಿಯವರು 2015ರ ಜುಲೈ ಕೊನೆಗೆ ಬಂದರು: ನಿಶಿಕಾಂತ್ ಕಾಮತ್ ನಿರ್ದೇಶನ, ಅಜಯ್ ದೇವಗನ್, ತಬು. ಅದೇ ವರ್ಷ ತಮಿಳಿನಲ್ಲಿ ಕಮಲ್ ಹಾಸನ್ ಅವರ ‘ಪಾಪನಾಶಂ’. ಹೆಚ್ಚು ಓದದ ಒಬ್ಬ ಕೇಬಲ್ ಆಪರೇಟರ್, ಟಿವಿಯಲ್ಲಿ ಸಿನಿಮಾ ನೋಡಿ ನೋಡಿ ಕಲಿತ ಬುದ್ಧಿಯಿಂದ ಪೊಲೀಸರನ್ನೇ ಯಾಮಾರಿಸಿ ಹೆಂಡತಿ ಮಕ್ಕಳನ್ನು ಉಳಿಸಿಕೊಳ್ಳುತ್ತಾನೆ. ಮಗಳ ಮಾನ ಹೋಗುತ್ತದೆ ಅನ್ನುವ ಭಯ ಇಡೀ ಚಿತ್ರವನ್ನು ಎಳೆಯುತ್ತದೆ. ಆ ಭಯಕ್ಕೆ ವೀಸಾ ಬೇಡ. ಚೀನಾದವರೂ 2019ರಲ್ಲಿ ಇದನ್ನು ಮಾಡಿಕೊಂಡರು. ಅಲ್ಲಿ ಮಾತ್ರ ಕೊನೆಗೆ ಅಪ್ಪ ತಪ್ಪೊಪ್ಪಿಕೊಂಡು ಶರಣಾಗುತ್ತಾನೆ. ಅಪರಾಧಿ ತಪ್ಪಿಸಿಕೊಂಡು ಹೋಗುವುದನ್ನು ಆ ದೇಶದ ಪರದೆಯ ಮೇಲೆ ತೋರಿಸುವುದು ಸುಲಭವಲ್ಲ.

ಹಾಗಾದರೆ ಎಲ್ಲವೂ ಒಂದೇ ಥರ ಚೆನ್ನಾಗಿರಬೇಕಲ್ಲ? ಆಜಾದ್ ನಗರದಲ್ಲಿ ನನ್ನ ಸ್ಕೂಟರ್ ರಿಪೇರಿ ಮಾಡುವ ಹುಡುಗ ಕನ್ನಡ, ಹಿಂದಿ ಎರಡನ್ನೂ ನೋಡಿದವನು. ಒಮ್ಮೆ ಸ್ಪ್ಯಾನರ್ ಒರೆಸುತ್ತಾ ಹೇಳಿದ, “ಸರ್, ಹಿಂದಿದು ಸೂಪರ್. ಆದ್ರ ಆ ಮನುಷ್ಯನಿಗೆ ನೆಂಟ್ರೇ ಇಲ್ಲ ನೋಡ್ರಿ. ಮನ್ಯಾಗ ಇಷ್ಟು ದೊಡ್ಡ ಗಲಾಟಿ ಆದ್ರ ನಮ್ ಮನೀಗೆ ಒಂದು ತಾಸಿನಾಗ ಹತ್ತು ಮಂದಿ ಬರ್ತಾರ. ಅಲ್ಲಿ ಯಾರೂ ಬರಲ್ಲ.” ಯಾವ ವಿಮರ್ಶಕನೂ ಹೀಗೆ ಹೇಳಿದ್ದನ್ನು ನಾನು ಓದಿಲ್ಲ. ಹಿಂದಿಯ ನಾಯಕ ಗೋವಾದ ವಿಜಯ್ ಸಾಳಗಾಂವಕರ್, ಅನಾಥ. ಗೋವಾದ ಸಾಳಗಾಂವಕರ್ ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಮಾತಾಡಬೇಕು; ಸಿನಿಮಾದಲ್ಲಿ ಎಲ್ಲರೂ ತೊಳೆದಿಟ್ಟ ಹಿಂದಿ ಮಾತಾಡುತ್ತಾರೆ. ರಾಜಸ್ಥಾನದಿಂದ ಬಿಹಾರದವರೆಗೆ ಒಂದೇ ಟಿಕೆಟ್ ಮಾರಬೇಕಾದ ಚಿತ್ರಕ್ಕೆ ಯಾವ ಊರನ್ನೂ ಗಟ್ಟಿ ಹಿಡಿಯಲು ಆಗುವುದಿಲ್ಲ. ಹಿಡಿದರೆ ಉಳಿದವರಿಗೆ ಅದು ಪರ ಊರಾಗುತ್ತದೆ. ಹಾಗಾಗಿ ಯಾರಿಗೂ ಸೇರದ, ಎಲ್ಲರೂ ರಜೆಗೆ ಹೋಗುವ ಗೋವಾ.

ಕನ್ನಡದವರು ಬೀಗುವುದು ಬೇಡ. ನಮ್ಮ ರಾಜೇಂದ್ರ ಪೊನ್ನಪ್ಪ ಕೊಡಗಿನವನು ಎಂದು ಹೆಸರು ಹೇಳುತ್ತದೆ, ಮಂಜು ಹೇಳುತ್ತದೆ. ಅವನ ಮಾತಿನಲ್ಲಿ ಮಾತ್ರ ಕೊಡಗು ನನಗೆ ಕೇಳಿಸಲಿಲ್ಲ. ಈ ವಿಷಯದಲ್ಲಿ ಗೆದ್ದದ್ದು ತಮಿಳು. ಜೀತು ಜೋಸೆಫ್ ತಾವೇ ನಿರ್ದೇಶಿಸಿ, ಜಯಮೋಹನ್ ಅವರಿಂದ ಸಂಭಾಷಣೆ ಬರೆಸಿ, ಕಮಲ್ ಬಾಯಲ್ಲಿ ತಿರುನೆಲ್ವೇಲಿಯ ತಮಿಳನ್ನೇ ಆಡಿಸಿದರು. ಕಥೆಗೆ ಒಂದು ಜಿಲ್ಲೆಯ ವಿಳಾಸ ಸಿಕ್ಕಿತು.

‘ದೃಶ್ಯ’ವನ್ನು ಹರಿಹರದಲ್ಲಿ ಮಾಡಿದ್ದರೆ ಹೇಗಿರುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಥೆಯ ಕೀಲಿ ಇರುವುದು ತಾರೀಖಿನಲ್ಲಿ. ಕೊಲೆ ನಡೆದ ಮೇಲೆ ಮನೆಯವರೆಲ್ಲ ಪಟ್ಟಣಕ್ಕೆ ಹೋಗಿ ಧ್ಯಾನಕೇಂದ್ರ, ಹೋಟೆಲು, ಸಿನಿಮಾ ಎಂದು ಸುತ್ತಿ ಬರುತ್ತಾರೆ. ಆಮೇಲೆ ನಾಯಕ ಕಂಡಕ್ಟರ್, ಹೋಟೆಲಿನವನು, ಥಿಯೇಟರಿನವನು, ಎಲ್ಲರ ತಲೆಯಲ್ಲೂ ಅದು ಎರಡು ದಿನ ಮುಂಚೆಯೇ ನಡೆದದ್ದು ಎಂದು ಉಪಾಯವಾಗಿ ಕೂರಿಸುತ್ತಾನೆ. ಹಿಂದಿಯಲ್ಲಿ ಅದು ಪಣಜಿಯ ಸತ್ಸಂಗವಾಯಿತು. ಹರಿಹರದವನು ಎಲ್ಲಿಗೆ ಹೋಗಬೇಕು? ದಾವಣಗೆರೆ ದುಗ್ಗಮ್ಮನ ಜಾತ್ರೆಗೆ ಕಳಿಸುವಂತಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ, ಅದರ ತಾರೀಖು ಮಕ್ಕಳಿಗೂ ಬಾಯಿಪಾಠ. ತರಳಬಾಳು ಹುಣ್ಣಿಮೆ? ಒಂಬತ್ತು ದಿನ, ದಿನವೂ ಸಂಜೆ ಸಭೆ, ಸಾವಿರಾರು ಜನ, ಮೂರನೇ ದಿನ ಯಾವುದು ನಾಲ್ಕನೇ ದಿನ ಯಾವುದು ಎಂದು ಕಲಸಿಹೋಗುವುದು ಸಹಜ. ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ತೊಡಕು: ಯಾವ ದಿನ ಯಾರು ಮಾತಾಡಿದರು ಎಂಬುದು ಆಮಂತ್ರಣ ಪತ್ರಿಕೆಯಲ್ಲಿ, ಮರುದಿನದ ಪೇಪರಿನಲ್ಲಿ ಅಚ್ಚಾಗಿರುತ್ತದೆ. ಪೊಲೀಸರು ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ. ಇನ್ನು ಬಸ್ಸು. ಹರಿಹರ-ದಾವಣಗೆರೆ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಟಿಕೆಟ್ ಕೈಗೆ ಬರುವುದೇ ಪುಣ್ಯ, ಬಂದರೂ ಅದರ ಮೇಲೆ ತಾರೀಖು ಹುಡುಕಬೇಡಿ. ಸಾಕ್ಷಿಗೆ ಕೆಂಪು ಬಸ್ಸನ್ನೇ ಹತ್ತಬೇಕು. ಹೆಣ? ಹರಿಹರದಲ್ಲಿ ಯಾರಿಗೇ ಕೇಳಿ, ಮೊದಲು ಹೊಳೆ ಅನ್ನುತ್ತಾರೆ. ಬೇಸಿಗೆಯಲ್ಲಿ ಬಂಡೆ, ಮರಳು ಎಲ್ಲ ಎದ್ದು ಕಾಣುವ ತುಂಗಭದ್ರೆಯನ್ನು ನಂಬಿದರೆ ಕೆಟ್ಟ ಹಾಗೆ. ಅಲ್ಲಿಗೆ ನೋಡಿ, ಮೂಲದ ನಾಯಕ ಯಾಕೆ ಬೇರೆ ಜಾಗ ಹುಡುಕಿದ ಅನ್ನುವುದಕ್ಕೆ ನಮ್ಮೂರಿನದೇ ಆದ ಕಾರಣ ಸಿಕ್ಕಿತು.

ರಿಮೇಕ್ ಅಂದರೆ ಈ ಕೆಲಸ. ಒಂದೊಂದು ಚಿಕ್ಕ ವಿವರಕ್ಕೂ ಇಲ್ಲಿ ಯಾವುದು ಕೂರುತ್ತದೆ, ಯಾವುದು ಕೂರುವುದಿಲ್ಲ ಎಂದು ಗುದ್ದಾಡುವುದು. ಗುದ್ದಾಡಿದಷ್ಟೂ ಕಥೆ ನಿಮ್ಮದಾಗುತ್ತದೆ. ಈ ಶ್ರಮ ಬೇಡವೆಂದು ಹೀರೋನ ಡೇಟ್ಸ್ ಸಿಕ್ಕ ಕೂಡಲೇ ಹಕ್ಕು ಕೊಂಡು ಶಾಟ್‌ಗೆ ಶಾಟ್ ಇಳಿಸಿದರೆ, ಇಲ್ಲವೇ ಕಥೆಯ ಜೀವವನ್ನೇ ಕಿತ್ತರೆ ಏನಾಗುತ್ತದೆ ಅನ್ನುವುದನ್ನು ಈಚಿನ ಹಿಂದಿ ಚಿತ್ರಗಳು ತೋರಿಸಿವೆ. ‘ಡ್ರೈವಿಂಗ್ ಲೈಸೆನ್ಸ್’ ಭೋಪಾಲಕ್ಕೆ ಹೋಗಿ 2023ರಲ್ಲಿ ‘ಸೆಲ್ಫಿ’ ಆಯಿತು, ಬಂದದ್ದೂ ಗೊತ್ತಾಗಲಿಲ್ಲ ಹೋದದ್ದೂ ಗೊತ್ತಾಗಲಿಲ್ಲ. ‘ಮುಂಬೈ ಪೊಲೀಸ್’ 2025ರಲ್ಲಿ ‘ದೇವಾ’ ಆಯಿತು. ಅದೇ ನಿರ್ದೇಶಕ ರೋಶನ್ ಆಂಡ್ರೂಸ್, ಆದರೆ ಮೂಲದ ನಾಯಕನ ಗುಟ್ಟನ್ನೇ ತೆಗೆದುಹಾಕಿ ಬೇರೆ ಕೊನೆ ಅಂಟಿಸಿದರು. ‘ಹೆಲೆನ್’ 2022ರಲ್ಲಿ ಜಾಹ್ನವಿ ಕಪೂರ್ ಅವರ ‘ಮಿಲಿ’. ನರ್ಸಿಂಗ್ ಓದಿ ಕೆನಡಾಕ್ಕೆ ಹೋಗಲು ಕಾಯುತ್ತಿರುವ ಹುಡುಗಿ, ಕೆಲಸದ ಜಾಗದ ಶೈತ್ಯಾಗಾರದಲ್ಲಿ ಸಿಕ್ಕಿಬೀಳುತ್ತಾಳೆ. ಕೇರಳದಲ್ಲಿ ಪ್ರತಿ ಬೀದಿಯಲ್ಲೂ ಅಂಥ ಹುಡುಗಿ ಇದ್ದಾಳೆ, ನಮ್ಮ ದಾವಣಗೆರೆಯ ಹಾಸ್ಟೆಲುಗಳಲ್ಲೂ ಇದ್ದಾಳೆ. ಡೆಹ್ರಾಡೂನಿಗೆ ತಂದ ಕೂಡಲೇ ಅವಳು ಚಿತ್ರಕಥೆಯಿಂದ ಬಂದವಳಾಗಿಬಿಟ್ಟಳು.

ಒಟಿಟಿ ಬಂದ ಮೇಲೆ ರಿಮೇಕ್ ಸತ್ತಿತು ಎನ್ನುವವರಿಗೆ ಒಂದು ಮಾತು. ‘ದೃಶ್ಯಂ 2’ ಮಲಯಾಳಂನಲ್ಲಿ 2021ರ ಫೆಬ್ರವರಿಯಲ್ಲಿ ನೇರ ಮೊಬೈಲಿಗೇ ಬಂತು. ಹಿಂದಿ ರಿಮೇಕ್ ಬಂದದ್ದು 2022ರ ನವೆಂಬರಿನಲ್ಲಿ, ಕಥೆ ಜಗಜ್ಜಾಹೀರಾದ ಮೇಲೆ. ಆದರೂ ಇನ್ನೂರು ಕೋಟಿ ದಾಟಿತು. ಹಾಗಾಗಿ ಮೂಲ ಸಿಗುತ್ತದೆ ಅನ್ನುವುದು ಕಾರಣವಲ್ಲ. ಇತ್ತ ನಮ್ಮ ‘ಕಾಂತಾರ’ 2022ರಲ್ಲಿ ಹಿಂದಿಗೆ ಡಬ್ ಆಗಿ ಹೋಯಿತು, ರಿಮೇಕ್ ಆಗಲಿಲ್ಲ. ಆ ಕಥೆಯ ಜೀವವಾದ ಕರಾವಳಿಯ ಭೂತಕೋಲವನ್ನು ಕಾನ್ಪುರದಲ್ಲಿ ಮರುಸೃಷ್ಟಿಸುವುದು ಹೇಗೆ? ಅದನ್ನು ಇದ್ದ ಹಾಗೇ ತೋರಿಸಬೇಕು.

ನನ್ನ ತೀರ್ಪು ಹೇಳಿ ಮುಗಿಸುತ್ತೇನೆ. ಭಯ, ಸಾಲ, ಮಾನ, ಹೊಟ್ಟೆಕಿಚ್ಚು ಇಂಥವು ಕಥೆಯ ಬೆನ್ನೆಲುಬಾಗಿದ್ದರೆ ಹಿಂದಿಯವರು ಧೈರ್ಯವಾಗಿ ರಿಮೇಕ್ ಮಾಡಲಿ, ನಾವೂ ಮಾಡೋಣ. ಊರೇ ಕಥೆಯಾಗಿದ್ದರೆ ಡಬ್ ಮಾಡಿ, ಇಲ್ಲವೇ ಕೆಳಗೆ ಅಕ್ಷರ ಹಾಕಿ ಬಿಟ್ಟುಬಿಡಿ. ‘ಕುಂಬಳಂಗಿ ನೈಟ್ಸ್’ ಅನ್ನು ಯಾರೂ ಮುಟ್ಟಬಾರದು. ‘ಮಹೇಷಿಂಟೆ ಪ್ರತಿಕಾರಂ’ ಬಗ್ಗೆಯೂ ಹಾಗೇ ಹೇಳುತ್ತಿದ್ದೆ, ಆದರೆ ತೆಲುಗಿನವರು 2020ರಲ್ಲಿ ಅದನ್ನು ಅರಕು ಕಣಿವೆಗೆ ಒಯ್ದು ಅಲ್ಲಿನದೇ ಕಥೆ ಅನ್ನುವಂತೆ ಮಾಡಿ ನನ್ನ ಬಾಯಿ ಮುಚ್ಚಿಸಿದ್ದಾರೆ. ಅದಕ್ಕೆ ಎರಡು ವರ್ಷ ಮೊದಲು ಅದೇ ಕಥೆಯನ್ನು ತಮಿಳಿಗೆ ತಂದ ಪ್ರಿಯದರ್ಶನ್ ಅವರಿಗೆ ಅದು ಒಲಿಯಲಿಲ್ಲ. ಕನ್ನಡ ನಿರ್ಮಾಪಕರಲ್ಲಿ ಒಂದು ಬೇಡಿಕೆ: ಮಲಯಾಳಂ ಹಕ್ಕಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಬರಹಗಾರನನ್ನು ಒಂದು ತಿಂಗಳು ಹರಿಹರದಲ್ಲೋ ಚನ್ನಗಿರಿಯಲ್ಲೋ ಇಟ್ಟು ನೋಡಿ. ಓದುಗರಲ್ಲೂ ಒಂದು. ಮುಂದಿನ ಸಲ ಯಾವುದೋ ರಿಮೇಕ್ ನೋಡಿ ನನಗೆ ಬರೆಯುವಾಗ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದರ ಜೊತೆಗೆ ನಾಯಕ ಯಾವ ಊರಿನವನು, ಅವನ ನೆಂಟರು ಎಲ್ಲಿದ್ದಾರೆ ಅನ್ನುವುದನ್ನೂ ಬರೆದು ಕಳಿಸಿ.